ನಲವತ್ತು ತಲೆ, ಒಂದು ಜಡೆ

…ಅಲ್ಲ, ಮೊದಲು ಆ ಮೊಬೈಲನ್ನು ಮೇಜಿನ ಮೇಲೆ ಇಡು. ಕವುಚಿ ಇಡು. ಈಗಿನವರನ್ನು ನಂಬಲಾಗದು; ಇಲ್ಲಿ ಆಡಿದ ಮಾತು ಸಂಜೆಯೊಳಗೆ ಕುಮಟೆಯ ಬಸ್‌ಸ್ಟ್ಯಾಂಡಿನಲ್ಲಿ ಕೇಳಿಸುತ್ತದೆ. ಹಾಂ, ಆತು. ಈಗ ಹೇಳು, ನಿನ್ನನ್ನು ಕಳಿಸಿದ್ದು ಯಾರು? ಹೊಸ ಫಾದರಾ?

ಯಾರೂ ಅಲ್ಲ? ಭಟ್ಕಳದಿಂದ ಈ ಹೊಳನಗದ್ದೆಗೆ, ಇಪ್ಪತ್ತೆರಡು ವರ್ಷದ ಮೇಲೆ, ಸುಮ್ಮನೆ ನನ್ನ ಮುಖ ನೋಡಲು ಬಂದೆಯಾ? ಸುಚಿತಾ, ನಾನು ಹೊನ್ನಾವರದ ಬೋರ್ಡಿಂಗಿನಲ್ಲಿ ಮೂವತ್ತೊಂದು ವರ್ಷ ಮೇಟ್ರನ್ ಆಗಿದ್ದವಳು. ಹುಡುಗಿಯರು ಬಾಗಿಲಲ್ಲಿ ನಿಂತ ರೀತಿ ನೋಡಿಯೇ ಹೊಟ್ಟೆಯೊಳಗೆ ಎಂತ ಇದೆ ಎಂದು ಹೇಳಿಬಿಡುತ್ತಿದ್ದೆ. ನೆಟ್ಟಗೆ ಕೂತುಕೋ. ಆಸ್ಪತ್ರೆಯಲ್ಲಿ ಹೆಡ್ ನರ್ಸ್ ಆದರೂ ಅದೇ ಗೂನು ಬೆನ್ನು!

ಗೊತ್ತಾಯಿತು. ಮಿಷನ್ನಿಗೆ ನೂರು ವರ್ಷ ತುಂಬುತ್ತದೆ, ಸ್ಮರಣ ಸಂಚಿಕೆಗೆ ನನ್ನ ನೆನಪುಗಳು ಬೇಕು. ಅದಕ್ಕೇ ಹಳೆಯ ವಿದ್ಯಾರ್ಥಿನಿಯನ್ನು ಮುಂದೆ ಬಿಟ್ಟಿದ್ದಾರೆ. ಬರೆದುಕೋ ಹಾಗಾದರೆ. ನಾನು ಸೇವೆಗೆ ಸೇರಿದಾಗ ಬೋರ್ಡಿಂಗಿಗೆ ಕಾಂಪೌಂಡು ಕೂಡ ಇರಲಿಲ್ಲ. ನಲವತ್ತು ಹುಡುಗಿಯರು. ಮೀನುಗಾರರ ಮಕ್ಕಳು, ಕೂಲಿಯವರ ಮಕ್ಕಳು. ಯಾರ ಹಣೆಯ ಕುಂಕುಮವನ್ನೂ ನಾನು ಅಳಿಸಲಿಲ್ಲ. ನಾನು ಅಳಿಸಿದ್ದು ಕಜ್ಜಿ, ಕೊಳಕು, ಹೇನು… ಯಾಕೆ ನಗುತ್ತೀಯ? ನಗುವ ಮಾತು ಎಂತ ಇದೆ ಇದರಲ್ಲಿ?

ಹೇನಿಗಾಗಿಯೇ ಆ ನಿಯಮ. ಜೂನ್ ತಿಂಗಳ ಮೊದಲ ಶನಿವಾರ ನಲವತ್ತು ತಲೆಯನ್ನೂ ಕಿವಿಯ ಮಟ್ಟಕ್ಕೆ ಕತ್ತರಿಸುತ್ತಿದ್ದೆ. ನನ್ನ ಕೈಯಾರೆ. ಮಾಸ್ತರರ ಮಗಳಿಗೂ ಅದೇ ಕತ್ತರಿ, ದೋಣಿಯವನ ಮಗಳಿಗೂ ಅದೇ ಕತ್ತರಿ. ಒಬ್ಬರಿಗೂ ರಿಯಾಯಿತಿ ಇಲ್ಲ. ಬರೆದೆಯಾ? ಪೆನ್ನನ್ನೇ ತೆಗೆದಿಲ್ಲವಲ್ಲ! ಚೀಲದಿಂದ ತೆಗೆಯುತ್ತಿರುವುದು ಎಂತದು ಮತ್ತೆ?

ಫೋಟೋ. ಕೊಡು ಇಲ್ಲಿ… ಕನ್ನಡಕ… ಹೌದು, ನಮ್ಮದೇ. ತೊಂಬತ್ತೆಂಟನೇ ಇಸವಿ, ಹಿರಿಯ ಸಿಸ್ಟರಿಗೆ ಬೀಳ್ಕೊಡುಗೆ. ಇದು ನಿನ್ನ ಕೈಗೆ ಹೇಗೆ ಬಂತು? ಮೂರೇ ಪ್ರತಿ ಮಾಡಿಸಿದ್ದು. ಒಂದು ಆಫೀಸಿನ ಗೋಡೆಗೆ, ಒಂದು ಸಿಸ್ಟರಿಗೆ, ಒಂದು… ಒಂದು ಕಳೆದುಹೋಯಿತು. ಆಫೀಸಿನ ರೇಖಾ ಕೊಟ್ಟಳಾ? ನಾನು ಬಿಟ್ಟ ಮೇಲೆ ಅಲ್ಲಿ ಬೀಗಕ್ಕೂ ಮರ್ಯಾದೆ ಇಲ್ಲ. ಹೇಳು, ಎಲ್ಲಿ ಸಿಕ್ಕಿತು?

ಮಾವಳ್ಳಿಯಲ್ಲಿ.

ನಿನ್ನ ತಾಯಿಯ ಪೆಟ್ಟಿಗೆಯಲ್ಲಿ.

ಓ… ಈರಮ್ಮ ತೀರಿಕೊಂಡಳಾ? ಹದಿನಾರು ದಿನ ಆತಾ? ದೇವರು ಶಾಂತಿ ಕೊಡಲಿ. ಚಾ ಮಾಡುತ್ತೇನೆ. ಬೇಡವಾ? ಕೂರು ಅಂತೀಯಾ? ನನ್ನ ಮನೆಯಲ್ಲಿ ನನಗೇ ಕೂರು ಅನ್ನುವಷ್ಟು ದೊಡ್ಡವಳಾದೆ. ಸರಿ, ಕೂತೆ. ಫೋಟೋ ಹೇಗೆ ಹೋಯಿತೋ ನನಗೆ ಗೊತ್ತಿಲ್ಲ. ಯಾರಾದರೂ ಕೊಟ್ಟಿರಬೇಕು.

ಅವಳು ನಿನ್ನನ್ನು ನೋಡಲು ಬಂದಿದ್ದಳಾ ಅಂತ? ಇದನ್ನು ಕೇಳಲು ಬಂದದ್ದಾ ನೀನು! ನಿನಗೆ ಒಂಬತ್ತು ವರ್ಷ ಇದ್ದಾಗಲೇ ಹೇಳಿದ್ದೆನಲ್ಲ. ಬರಲಿಲ್ಲ. ತಿಂಗಳ ಮೊದಲ ಭಾನುವಾರ, ಮೂರರಿಂದ ಐದು, ಭೇಟಿಯ ಹೊತ್ತು. ರಿಜಿಸ್ಟರ್ ತೆಗೆಸಿ ನೋಡು, ಆರು ವರ್ಷದಲ್ಲಿ ಈರಮ್ಮನ ಹೆಬ್ಬೆಟ್ಟು ಒಂದೂ ಇಲ್ಲ. ಸುಳ್ಳು ಹೇಳುವುದನ್ನು ನಮಗೆ ಕಾನ್ವೆಂಟಿನಲ್ಲಿ ಕಲಿಸಲಿಲ್ಲ. ಭಾನುವಾರ ಮೀನಿಗೆ ಗಿರಾಕಿ ಹೆಚ್ಚು, ಬುಟ್ಟಿ ಬಿಟ್ಟು ಬರಲು ಅವಳಿಗೆ ಆಗುತ್ತಲೇ ಇರಲಿಲ್ಲ… ಅಂತ ಕಾಣುತ್ತದೆ. ನನಗೇನು ಗೊತ್ತು? ಊಹೆ.

ಮತ್ತೆ ನನ್ನನ್ನೇ ಯಾಕೆ ಹಾಗೆ ನೋಡುವುದು? ಭಟ್ಕಳದಿಂದ ಮಾವಳ್ಳಿಗೆ ಎಷ್ಟು ದೂರ? ಅರ್ಧ ಗಂಟೆಯ ಹಾದಿ. ಇಷ್ಟು ವರ್ಷದಲ್ಲಿ ನೀನು ಹೋದದ್ದು ಹೆಣ ನೋಡಲು! 'ಅವಳಿಗೆ ನಾನು ಬೇಡವಾಗಿದ್ದೆ ಅಂತ ನೀವೇ ಹೇಳಿದ್ದು' ಅಂತೀಯಾ? ಹೇಳಿರಬಹುದು. ನಲವತ್ತು ಮಕ್ಕಳಿಗೆ ದಿನಕ್ಕೆ ನೂರು ಮಾತು ಹೇಳುತ್ತಿದ್ದೆ.

ಫೋಟೋದ ಮೇಲೆ ಬೆರಳು ಯಾಕೆ ಇಟ್ಟೆ? ತೆಗೆ, ಕಲೆ ಆಗುತ್ತದೆ. ಹೌದು, ಅದು ನೀನೇ. ಎರಡನೇ ಸಾಲು. ಹೌದು… ಜಡೆ. ಉಳಿದವರಿಗೆಲ್ಲ ಕಿವಿಯ ಮಟ್ಟಕ್ಕೆ, ನಿನಗೆ ಮಾತ್ರ ಹೆಗಲ ಮೇಲೆ ಇಳಿದ ಜಡೆ. ನಿನ್ನ ತಲೆಯಲ್ಲಿ ಹೇನು ಇರಲಿಲ್ಲವೇನೋ. ಇತ್ತಾ? ಅಡುಗೆಯ ಬಂಗಾರಿ ವಾರಕ್ಕೆರಡು ಸಲ ಹೆಕ್ಕುತ್ತಿದ್ದಳಾ? ಎಲ್ಲ ನೆನಪಿಟ್ಟುಕೊಂಡಿದ್ದೀಯಲ್ಲ! ಹಾಗಾದರೆ ಆ ವರ್ಷ ಕತ್ತರಿ ಮೊಂಡಾಗಿತ್ತು. 'ಆರು ವರ್ಷವೂ ಮೊಂಡಾಗಿತ್ತಾ' ಎಂದು ಕುಹಕ ಬೇಡ.

ಮಾತಾಡು.

ಬೈಯುವುದಾದರೆ ಬೈ. ಫಾದರಿಗೆ ದೂರು ಬರೆಯುವುದಾದರೆ ಬರಿ. ಹೀಗೆ ಸುಮ್ಮನೆ ಕೂರಬೇಡ. ಊಟದ ಕೋಣೆಯಲ್ಲಿ ಉಸಿರೆತ್ತದೆ ಕೂರುವುದನ್ನು ನಿನಗೆ ಕಲಿಸಿದ್ದೇ ನಾನು… ನನ್ನ ಮೇಲೇ ಅದನ್ನು ತಿರುಗಿಸುತ್ತೀಯಾ?

ಮಂಗಳವಾರ ಬರುತ್ತಿದ್ದಳು.

ಕೇಳಿಸಿತಲ್ಲ? ಮಂಗಳವಾರ, ಮಧ್ಯಾಹ್ನ, ನಿಮ್ಮ ಊಟದ ಹೊತ್ತಿಗೆ, ಹಿಂದಿನ ಬಾಗಿಲಿಗೆ. ಮಳೆಯಿರಲಿ ಬಿಸಿಲಿರಲಿ. ಬುಟ್ಟಿ ಖಾಲಿ ಮಾಡಿಕೊಂಡು… ಖಾಲಿ ಅಲ್ಲ. ತಳದಲ್ಲಿ ಬಾಳೆ ಎಲೆಯಲ್ಲಿ ಸುತ್ತಿದ ಬಂಗಡೆ. ಮಂಗಳವಾರ ರಾತ್ರಿ ನೀವೆಲ್ಲ ಬಟ್ಟಲು ನೆಕ್ಕುತ್ತಿದ್ದ ಮೀನು ಸಾರು ಮಿಷನ್ನಿನದು ಅಂದುಕೊಂಡಿದ್ದೆಯಾ?

ಹಾಗೆ ನೋಡಬೇಡ. ನಾನು ಕ್ರೂರಿಯಲ್ಲ. ನಿನ್ನನ್ನು ಸೇರಿಸಿ ಹೋದ ದಿನವೇ ನೀನು ಅವಳ ಹಿಂದೆ ಶರಾವತಿ ಸೇತುವೆವರೆಗೆ ಓಡಿದ್ದೆ. ಲಾರಿಯ ಗಾಲಿಗೂ ನಿನಗೂ ಒಂದು ಗೇಣು! ಆಮೇಲೆ ಮೂರು ದಿನ ಅನ್ನ ಮುಟ್ಟಲಿಲ್ಲ. ನಾನು ಈರಮ್ಮನಿಗೆ ಹೇಳಿದೆ: ಕೂಸು ಕಲಿಯಬೇಕಾ, ಬುಟ್ಟಿ ಹೊರಬೇಕಾ? ಕಲಿಯಬೇಕಾದರೆ ನಿನ್ನನ್ನು ಮರೆಯಬೇಕು. ಅಡುಗೆಮನೆಯ ಕಿಟಕಿಯಿಂದ ನೋಡು, ಬೇಡ ಅನ್ನುವುದಿಲ್ಲ. ಆದರೆ ಕೂಗಬಾರದು. ಒಪ್ಪಿದಳು. ನಿನಗೆ ಎಂತ ಹೇಳಿದ್ದೇನೆ ಎಂದು ಅವಳಿಗೆ ಹೇಳಲಿಲ್ಲ. ಆ ಮಾತು ನನ್ನದೇ.

ಮೊದಲ ಜೂನಿನಲ್ಲಿ ನಿನ್ನ ತಲೆಗೂ ಕತ್ತರಿ ಹಾಕುವವಳಿದ್ದೆ. ಆ ಶನಿವಾರಕ್ಕೆ ಮುಂಚಿನ ಮಂಗಳವಾರ ಅವಳು ಕಿಟಕಿಯ ಸರಳು ಹಿಡಿದು ಅಂದಳು, 'ಎಲ್ಲರ ಮಂಡೆನೂ ಒಂದೇ ನಮ್ನಿ ಮಾಡಿರೆ ನನ್ನ ಕೂಸು ಯಾವ್ದು ಅಂತ ನಂಗೆ ಹ್ಯಾಂಗೆ ಗೊತ್ತಾತದೆ ಅಕ್ಕೋರೇ?' ಅಕ್ಕೋರೇ ಅನ್ನಬೇಡ, ಮೇಟ್ರನ್ ಅನ್ನು ಎಂದು ಗದರಿದೆ. ಆದರೆ ಕತ್ತರಿ ಹಾಕಲಿಲ್ಲ. ಆ ಫೋಟೋವನ್ನೂ ನಾನೇ ಕೊಟ್ಟೆ. ಕೂಸಿನ ಮುಖ ನೋಡಿ ಎಷ್ಟು ಕಾಲವಾತು ಎಂದು ಕೇಳಿದ್ದಳು.

ಕಿಟಕಿಯಿಂದ ಮುಖ ಯಾಕೆ ಕಾಣುತ್ತಿರಲಿಲ್ಲ ಎಂದು ನೀನು ಕೇಳುವುದಿಲ್ಲ. ಕೇಳಬೇಕಾಗಿಲ್ಲ. ಊಟಕ್ಕೆ ಕೂರುವ ನಿನ್ನ ಜಾಗ ನಿನಗೆ ನೆನಪಿದೆ. ಮೂರನೇ ಬೆಂಚಿನ ತುದಿ, ಕಿಟಕಿಗೆ ಬೆನ್ನು. ಕೂರಿಸಿದ್ದು ನಾನು.

ಒಮ್ಮೆ ನೀನು ಮಧುರಾಳ ಜೊತೆ ಜಾಗ ಬದಲಿಸಿ ಎದುರಿನ ಬೆಂಚಿಗೆ ಹೋಗಿ, ಕಿಟಕಿಗೆ ಮುಖ ಮಾಡಿ ಕೂತೆ. ತಲೆ ತಗ್ಗಿಸಿ ಉಣ್ಣುತ್ತಿದ್ದೆ. ನೀನು ತಲೆ ಎತ್ತುವ ಮೊದಲೇ ರಟ್ಟೆ ಹಿಡಿದು ಎಬ್ಬಿಸಿ, ಬೆನ್ನ ಮೇಲೆ ಬೆತ್ತ ಮುರಿಯುವವರೆಗೆ ಹೊಡೆದೆ. ಜಾಗ ಬದಲಿಸಿದ್ದಕ್ಕೆ ಇಷ್ಟು ಹೊಡೆತವಾ ಎಂದು ಬಂಗಾರಿ ಅತ್ತಳು.

ಅವತ್ತು ಮಂಗಳವಾರ, ಸುಚಿತಾ. ಅವಳು ಕಿಟಕಿಯಲ್ಲೇ ಇದ್ದಳು.

ಕೂಗಲಿಲ್ಲ.