ಸೂಜಿ ಚುಚ್ಚಿದಾಗ ಕೈ ಚಾಚಿದ್ದು

ಗಾಯದ ಪಟ್ಟಿ ಬದಲಾಯಿಸಿಕೊಳ್ಳಲು ನಾನು ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದೆ. ಲಸಿಕೆ ಹಾಕುವ ಕೋಣೆಯಿಂದ ಇಬ್ಬರು ಓರಗಿತ್ತಿಯರು ಬಂದು ಪಕ್ಕದಲ್ಲಿ ಕೂತರು. ಒಂಬತ್ತು ತಿಂಗಳ ಮಗು ಹಿರಿಯವಳ ಭುಜಕ್ಕೆ ಮುಖ ಒತ್ತಿ ಬಿಕ್ಕುತ್ತಿತ್ತು. ಹೆತ್ತವಳು ಕಿರಿಯವಳು.

"ಬೇಜಾರು ಮಾಡ್ಕೋಬೇಡ ಕಣೆ. ನಿನ್ನ ತೊಡೆ ಮೇಲೇ ಇದ್ದ, ಯಾಕೋ ನನ್ನ ಕಡೆ ಕೈ ಚಾಚಿಬಿಟ್ಟ."

"ಯಾಕೋ ಏನು ಅಕ್ಕಾ? ನಾನು ಕಾಯಿಲೆ ಬಿದ್ದ ಐದು ತಿಂಗಳೂ ಎತ್ತಿ ಆಡಿಸಿದ್ದು ನೀವು."

"ನೀನು ಮನೆಗೆ ಬಂದು ಇನ್ನೂ ಹದಿನೈದು ದಿನ. ಹೊಂದ್ಕೋತಾನೆ ಬಿಡು."

"ವಾರ್ಡಲ್ಲಿ ಮಲಗಿದ್ದಾಗ ನನಗಿದ್ದಿದ್ದು ಒಂದೇ ಭಯ. ಅತ್ತೂ ಅತ್ತೂ, ಯಾರೂ ಬರಲ್ಲ ಅಂತ ಅಳೋದನ್ನೇ ಬಿಟ್ಟುಬಿಡ್ತಾನೇನೋ ಅಂತ."

"ಇವನಾ? ಇವನು ಬಾಯಿ ತೆಗೆದರೆ ನಿನ್ನ ಭಾವ ಅರ್ಧ ಗಡ್ಡ ಬೋಳಿಸಿಕೊಂಡೇ ಓಡಿ ಬರ್ತಿದ್ರು."

"ಅದಕ್ಕೇ ಅಕ್ಕಾ, ಇವತ್ತು ಕೈ ಚಾಚಿದಾಗ ನನ್ನ ಹೊಟ್ಟೆ ತಣ್ಣಗಾಯ್ತು. ನೋವಾದರೆ ಹೋಗೋಕೆ ಒಂದು ಮಡಿಲಿದೆ ಅಂತ ಇವನಿಗೆ ಗೊತ್ತು. ಅಷ್ಟು ಗೊತ್ತಿರೋ ಮಗು ನನ್ನ ಹತ್ರಾನೂ ಬರುತ್ತೆ."

ಹಿರಿಯವಳು ಮಗುವನ್ನು ಇನ್ನೊಂದು ಭುಜಕ್ಕೆ ಬದಲಾಯಿಸಿಕೊಂಡಳು.

"ನೀನು ಬಂದಾಗಿಂದ ನನಗೂ ಒಂದು ಭಯ ಕಣೆ. ಇನ್ನು ಇವನನ್ನ ಎತ್ತಿಕೊಳ್ಳೋ ಹಾಗಿಲ್ಲವೇನೋ ಅಂತ."

"ಅಯ್ಯೋ! ಇವನ ಹಟಕ್ಕೆ ನಾವಿಬ್ಬರೂ ಸಾಲಲ್ಲ."

"ಹಾಗಾದರೆ ಹತ್ತಿರ ಬಾ, ಬೆನ್ನು ಸವರು. ನನ್ನ ಭುಜದ ಮೇಲಿದ್ದುಕೊಂಡೇ ನಿನ್ನ ಕೈಗೆ ಒಗ್ಗಲಿ."

ಅರ್ಧ ಗಂಟೆಯಾದ ಮೇಲೆ ನರ್ಸ್ ಬಂದು ಇನ್ನು ಹೊರಡಬಹುದೆಂದಳು. ಹಿರಿಯವಳು ಮಗುವನ್ನೆತ್ತಿಕೊಂಡು ನಡೆದಳು. ಕಿರಿಯವಳು ಅದರ ಬೆನ್ನ ಮೇಲೆ ಕೈಯಿಟ್ಟು ಹಿಂದೆಯೇ ಹೋದಳು. ಮಗು ಈಗ ಬಿಕ್ಕುತ್ತಿರಲಿಲ್ಲ. ಭುಜದ ಮೇಲಿಂದ ಅವಳ ಮುಖವನ್ನೇ ನೋಡುತ್ತಿತ್ತು.