ಲೋಲಕದ ಮೂರನೇ ಸಾಲು

ಬಸ್ ನಿಲ್ದಾಣದ ಬೆಂಚಿನಲ್ಲಿ ನನ್ನ ಪಕ್ಕಕ್ಕೆ ಅಕ್ಕತಂಗಿಯರು ಕೂತಿದ್ದರು. ತಂಗಿ ಕಾಲೇಜಿನ ಸಮವಸ್ತ್ರದಲ್ಲಿದ್ದಳು. ಅಕ್ಕ ಅವಳ ಭೌತಶಾಸ್ತ್ರದ ರೆಕಾರ್ಡ್ ಪುಸ್ತಕವನ್ನು, ಕಳ್ಳನ ಜೇಬು ತಡಕುವವಳಂತೆ, ತಿರುವುತ್ತಿದ್ದಳು.

“ಲೋಲಕದ ಪ್ರಯೋಗ ನೀನೇ ಮಾಡಿದ್ಯಾ?”

“ಹೂಂ. ದಾರ ಕಟ್ಟಿ, ಗುಂಡು ತೂಗಾಡ್ಸಿ, ಎಲ್ಲಾ ನಾನೇ.”

“ಉತ್ತರ ಒಂಬತ್ತು ಪಾಯಿಂಟ್ ಎಂಟು. ಕೂದಲೆಳೆಯಷ್ಟೂ ಆಚೀಚೆ ಇಲ್ಲ.”

“ಸರಿ ಬಂದ್ರೂ ತಪ್ಪಾ?”

“ಸ್ಟಾಪ್‌ವಾಚ್ ಯಾರು ಹಿಡಿದಿದ್ರು?”

“ಅದು... ನನ್ನ ಫ್ರೆಂಡು.”

“ಮೂರನೇ ಸಾಲಲ್ಲಿ ಮೂವತ್ತೈದು ಪಾಯಿಂಟ್ ಒಂಬತ್ತು ಸೆಕೆಂಡು ಅಂತಿದೆ. ಇದನ್ನ ಯಾರೂ ಅಳೆದಿಲ್ಲ ಕಣೇ. ನಿಜ ಹೇಳು, ಎಲ್ಲಿಂದ ಇಳಿಸ್ಕೊಂಡೆ?”

ತಂಗಿ ಬ್ಯಾಗಿನ ಪಟ್ಟಿ ತಿರುಚತೊಡಗಿದಳು.

“ನೀನು ಓದಿದ ಲ್ಯಾಬೇ ತಾನೆ. ಅಲ್ಲೊಂದು ಹಳೇ ರೆಕಾರ್ಡ್ ಇದೆ. ರಟ್ಟು ಹರಿದಿದೆ, ಹೆಸರಿಲ್ಲ. ಏಳೆಂಟು ವರ್ಷದಿಂದ ಮೇಷ್ಟ್ರು ಅದನ್ನೇ ತೋರಿಸಿ, ಅಳೆದ್ರೆ ಹೀಗೆ ಅಳೀಬೇಕು ಅಂತಾರಂತೆ. ಇಡೀ ಕ್ಲಾಸು ಅದನ್ನೇ ಬರ್ಕೊಂಡಿದೆ.”

ಅಕ್ಕ ಪುಸ್ತಕ ಮುಚ್ಚಿದಳು.

“ಎಲ್ಲಾ ಹೊಡೆದುಹಾಕು. ನಾಳೆ ಹೋಗಿ ಅಳೆದು ಬರಿ.”

“ಅಕ್ಕಾ.”

“ಏನು?”

“ನಿಂಗೆ ಪ್ರಾಕ್ಟಿಕಲ್‌ನಲ್ಲಿ ಮೂವತ್ತಕ್ಕೆ ಮೂವತ್ತು ಬಂದಿತ್ತು ಅಂತ ಅಮ್ಮ ದಿನಾ ನನ್ನ ತಲೆ ತಿಂತಾಳೆ.”

“ಅದಕ್ಕೆ?”

“ಮೂರನೇ ಸಾಲು ಯಾರೂ ಅಳೆದಿಲ್ಲ ಅಂತ ನಿಂಗೆ ಹೇಗೆ ಗೊತ್ತು?”

“ಬಸ್ ಬಂತು, ಏಳು.”

ಅದು ಅವರ ಬಸ್ಸಲ್ಲವೆಂದು ಕಾಣುತ್ತದೆ. ಹತ್ತಿದ ಮೇಲೆ ಅಕ್ಕ ಕಂಡಕ್ಟರನ್ನು, ಇದು ಎಲ್ಲಿಗೆ ಹೋಗುತ್ತದೆ ಎಂದು ಕೇಳುತ್ತಿದ್ದಳು.