ಗಡ್ಡದಣ್ಣನ ನೊರೆ ಡಬ್ಬಿ

ಎಲ್ಲರಿಗೂ ನಮಸ್ಕಾರ. ಗಡ್ಡದಣ್ಣನ ಧರ್ಮಪತ್ನಿ, ನಮಗೆಲ್ಲ ಅತ್ತಿಗೆ, ಅವನ ಮಗಳು, ಬಂಧುಗಳೇ, ವಿದ್ಯುತ್ ಘಟಕದ ಗೆಳೆಯರೇ — ಅವನಿಲ್ಲದ ಮೊದಲ ಸಭೆ ಇದು. ಇದ್ದಿದ್ರೆ ಹಿಂದಿನ ಕುರ್ಚೀಲಿ ಕೂತು "ಬೇಗ ಮುಗಿಸೋ, ಮಷೀನ್ ಕಾಯ್ತಿದೆ" ಅಂತಿದ್ದ.

ಮೊನ್ನೆ ಮನೆಗೆ ಹೋದಾಗ ಅತ್ತಿಗೆ ನನ್ನನ್ನ ಪಕ್ಕಕ್ಕೆ ಕರೆದು ಕೇಳಿದ್ರು: "ಅಲ್ಲಪ್ಪಾ, ಮದುವೆಯಾದಾಗಿಂದ ಗಡ್ಡಕ್ಕೆ ಬ್ಲೇಡ್ ತಾಗಿಸದ ಮನುಷ್ಯ, ಮಂಚದ ಕೆಳಗೆ ಶೇವಿಂಗ್ ನೊರೆ ಡಬ್ಬಿ ಯಾಕೆ ಇಟ್ಕೊಂಡಿದ್ರು? ಕೇಳಿದ್ರೆ, ಒಂದಿನ ಪ್ಲಾಂಟಿಗೆ ಕರ್ಕೊಂಡು ಹೋಗಿ ತೋರಿಸ್ತೀನಿ ಅಂತಿದ್ರು. ಕರ್ಕೊಂಡು ಹೋಗ್ಲೇ ಇಲ್ಲ." ನಗು ಬಂತು. ಸಭೆಗೆ ಬರುವಾಗ ಆ ಡಬ್ಬಿ ತನ್ನಿ ಅಂದೆ. ಉತ್ತರ ಎಲ್ಲರ ಎದುರೇ ಹೇಳ್ತೀನಿ, ಅತ್ತಿಗೆ.

ಬಾಯ್ಲರಿನ ಉಗಿ ಟರ್ಬೈನ್ ತಿರುಗಿಸುತ್ತೆ. ಸರಿ. ತಿರುಗಿಸಿ ಸುಸ್ತಾದ ಉಗಿ ಎಲ್ಲಿಗೆ ಹೋಗ್ಬೇಕು? ಕೆಳಗಿನ ಕಂಡೆನ್ಸರಿಗೆ. ಅಲ್ಲಿ ತಣ್ಣೀರಿನ ಕೊಳವೆ ತಾಗಿ ಮತ್ತೆ ನೀರಾಗುತ್ತೆ. ನೋಡಿ — ಇಷ್ಟಗಲ ಇದ್ದ ಉಗಿ, ಇಷ್ಟೇ ಇಷ್ಟು ನೀರು! ಮಿಕ್ಕ ಜಾಗ ಖಾಲಿ. ಆ ಖಾಲಿ ಮೇಲಿನ ಉಗಿಯನ್ನ ಎಳೆಯುತ್ತೆ. ಬಾಯ್ಲರ್ ತಳ್ಳಬೇಕು, ಖಾಲಿ ಎಳೀಬೇಕು — ಆಗಲೇ ಅದೇ ಕಲ್ಲಿದ್ದಲಿಗೆ ಹೆಚ್ಚು ಕರೆಂಟು. "ಏನೂ ಇಲ್ಲದ ಜಾಗ ಎಷ್ಟು ದುಡಿಯುತ್ತೆ ನೋಡೋ!" ಅಂತ ಗಡ್ಡದಣ್ಣ ಕಣ್ಣರಳಿಸ್ತಿದ್ದ.

ಒಂದು ವರ್ಷ ನಮ್ಮ ಘಟಕ ಸಿಕ್ಕಾಪಟ್ಟೆ ಕಲ್ಲಿದ್ದಲು ತಿನ್ನೋಕೆ ಶುರು ಮಾಡ್ತು. ಹೀಗಾದ್ರೆ ಮುಚ್ಚಿಬಿಡ್ತೀವಿ ಅಂದ್ರು ಮೇಲಿನವರು. ಉಗಿ ಎಲ್ಲಿ ಸೋರ್ತಿದೆ ಅಂತ ಟಾರ್ಚ್ ಹಿಡಿದು ಹುಡುಕಿದ್ದೇ ಹುಡುಕಿದ್ದು. ಒಂದು ಹನಿಯೂ ಇಲ್ಲ. ಗಡ್ಡದಣ್ಣ ಅಂದ — "ಹೊರಗೆ ಬರೋದನ್ನೇ ಹುಡುಕ್ತೀರಲ್ರೋ, ಒಳಗೆ ಹೋಗೋದನ್ನ ಯಾರು ನೋಡ್ತೀರಿ?"

ಗಾಳಿ! ಆ ಖಾಲಿ ಜಾಗಕ್ಕೆ ಹೊರಗಿನ ಗಾಳಿ ಕಳ್ಳನ ಹಾಗೆ ನುಗ್ತಿತ್ತು. ಎಳೆತ ಕಮ್ಮಿಯಾಗಿ ಕಲ್ಲಿದ್ದಲು ಜಾಸ್ತಿ ಬೇಕಾಗ್ತಿತ್ತು. ಗಾಳಿ ಕಣ್ಣಿಗೆ ಕಾಣುತ್ತಾ? ಗಡ್ಡದಣ್ಣ ಕೊಳವೆ ಕೂಡೋ ಕಡೆಯೆಲ್ಲ ಶೇವಿಂಗ್ ನೊರೆ ಬಳಿದ. ನಾವು ನಕ್ವಿ. ಒಂದು ಕಡೆ — ನೊರೆಯಲ್ಲಿ ಗುಳಿ ಬಿತ್ತು, ಸುರ್ ಅಂತ ಒಳಗೆ ಹೋಯ್ತು. ಬೋಲ್ಟ್ ಬಿಗಿದ್ವಿ. ಘಟಕ ಉಳೀತು, ನಮ್ಮೆಲ್ಲರ ಅನ್ನ ಉಳೀತು.

ಆಮೇಲೆ ಪ್ರತಿ ಶುಕ್ರವಾರ ಅವನದ್ದು ನೊರೆ ಸುತ್ತು. ಸ್ಟೋರಲ್ಲಿ ಕೇಳಿದ್ರೆ "ಮೊದಲು ನಿನ್ನ ಗಡ್ಡ ತೆಗಿ" ಅಂತಾರೆ ಅಂತ ಮನೆಯಿಂದಲೇ ಡಬ್ಬಿ ತರ್ತಿದ್ದ. ಅವನಿಲ್ಲದ್ದು ನನಗೆ ತುಂಬಾ ಕಷ್ಟ ಆಗ್ತಿದೆ, ಸುಳ್ಳು ಹೇಳಲ್ಲ.

ಅತ್ತಿಗೆ, ಇವತ್ತು ಶುಕ್ರವಾರ. ಡಬ್ಬಿ ತನ್ನಿ ಅಂದಿದ್ದು ಅದಕ್ಕೇ. ಸಾಹೇಬರು ಒಪ್ಪಿದ್ದಾರೆ, ನಿಮಗೂ ಮಗಳಿಗೂ ಹೆಲ್ಮೆಟ್ ತಂದಿಟ್ಟಿದ್ದೀನಿ. ಕೆಳಗೆ ಹೋಗೋಣ. ಇವತ್ತಿನ ನೊರೆ ನೀವೇ ಬಳೀಬೇಕು.

ಅದಕ್ಕೂ ಮುಂಚೆ — ಎಲ್ಲರೂ ದಯವಿಟ್ಟು ಎದ್ದು ನಿಲ್ಲಿ. ಗೋಡೆಯಾಚೆ ಟರ್ಬೈನ್ ಗುಂಯ್‌ಗುಡ್ತಿದೆ, ಕೇಳಿಸ್ತಾ? ಅದು ನಡೀತಿರಲಿ. ನಾವು ಸ್ವಲ್ಪ ಹೊತ್ತು ಮಾತು ನಿಲ್ಲಿಸೋಣ.